ಬೂದಿಯ ಉಗುರು

ನಮ್ಮ ಮನೆಯಲ್ಲಿ ಜಗಳ ಆಡಬೇಕೆಂದರೆ ಕರೆಂಟು ಹೋಗಬೇಕಿತ್ತು. ಅಜ್ಜಂಪುರದಲ್ಲಿ ಅಪ್ಪನ ರಾಗಿ ಮಿಲ್ಲು, ಅದರ ಬೆನ್ನಿಗೇ ನಮ್ಮ ಮನೆ. ನಡುವೆ ಒಂದು ಗೋಡೆ, ಆ ಗೋಡೆಗೊಂದು ಬಾಗಿಲು. ಬೆಳಗ್ಗೆ ಅಪ್ಪ ಮೋಟಾರು ಹಾಕಿದನೆಂದರೆ ನೆಲ ನಡುಗುತ್ತಿತ್ತು, ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಮ್ಮ ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ, ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಅನ್ನ ಬೇಕೋ ಮುದ್ದೆ ಬೇಕೋ ಅನ್ನುವುದನ್ನು ಕೈಯಲ್ಲೇ ಕೇಳಿ ಕೈಯಲ್ಲೇ ಹೇಳುತ್ತಿದ್ದೆವು. ಆದರೆ ಸಿಟ್ಟಿಗೂ ದೂರಿಗೂ ಕೈಸನ್ನೆ ಸಾಲುವುದಿಲ್ಲವಲ್ಲ. ಅವನ್ನೆಲ್ಲ ಕಟ್ಟಿಟ್ಟುಕೊಂಡು, ಕರೆಂಟು ಹೋದ ತಕ್ಷಣ ಬಿಚ್ಚುತ್ತಿದ್ದೆವು. ಬೇಸಿಗೆಯಲ್ಲಿ ಕರೆಂಟು ಹೆಚ್ಚು ಹೋಗುತ್ತಿತ್ತು, ಆಗ ಜಗಳವೂ ಹೆಚ್ಚು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ನಾನೂ ನಗುತ್ತಲೇ ಹೇಳುತ್ತೇನೆ. ಆದರೆ ಈಗ ಹೇಳಹೊರಟಿರುವ ಆ ಒಂದು ವರ್ಷದ ಬಗ್ಗೆ ನಗುವುದಕ್ಕೆ ನನ್ನ ಕೈಲಿ ಇವತ್ತಿಗೂ ಆಗಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಪಾದಗಳಿಗೆ ಜೋಮು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಬಿಸಿನೀರು ಸುರಿದರೂ ಗೊತ್ತಾಗದು, ಮುಳ್ಳು ಚುಚ್ಚಿದರೂ ಗೊತ್ತಾಗದು. ಹೊಸ್ತಿಲು ದಾಟುವಾಗ ಕಾಲನ್ನು ಕಣ್ಣಿನಿಂದ ನೋಡಿಕೊಂಡೇ ಎತ್ತಿಡಬೇಕಿತ್ತು. ಹಾಗಾಗಿ ದಿನದ ಹೆಚ್ಚು ಹೊತ್ತು ನಡುಮನೆಯ ಮಂಚದ ಮೇಲೆ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಅವರೆಕಾಯಿ ಸುಲಿಯುತ್ತಿದ್ದಳು. ಆ ಪಾದಗಳ ಮೇಲೆ ಬೂದಿ ಮಲಗುತ್ತಿತ್ತು. ಬೂದಿ ನಮ್ಮ ಬೆಕ್ಕು. ಇಲಿ ಹಿಡಿಯಲೆಂದು ಅಪ್ಪ ಮಿಲ್ಲಿಗೆ ತಂದ ಮರಿ, ಮೋಟಾರಿನ ಸದ್ದಿಗೆ ಹೆದರಿ ನೀರೊಲೆಯ ಬೂದಿಯೊಳಗೆ ಹೋಗಿ ಸೇರಿಕೊಂಡಿತ್ತು. ಬಣ್ಣವೂ ಅದೇ, ಹೆಸರೂ ಅದೇ ಆಯಿತು. ಅಪ್ಪ ಮಿಲ್ಲಿನಲ್ಲಿ, ನಾನು ಶಾಲೆಯಲ್ಲಿ. ಹಗಲೆಲ್ಲ ಅಮ್ಮನ ಜೊತೆಗಿರುತ್ತಿದ್ದುದು ಆ ಬೆಕ್ಕೊಂದೇ. ಒಂದು ಸಲ ಕರೆಂಟು ಹೋದಾಗ ಅಮ್ಮ ತಾನಾಗಿ ಹೇಳಿದ್ದಳು:

"ಕಾಲು ನಂದಲ್ಲವೇನೋ ಅನ್ನಿಸ್ಬಿಟ್ಟದೆ ಕಣೇ. ಇದು ಬಂದು ಮಲಗ್ತದಲ್ಲ, ಆಗ ಪರ್ವಾಗಿಲ್ಲ, ಇನ್ನೂ ಐತೆ ಅನ್ನಿಸ್ತದೆ."

ಬೂದಿಯನ್ನು ಚೊಕ್ಕಟ ಮಾಡುವುದು ಸಂಜೆಯ ಕೆಲಸ. ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಮೊದಲು ನನಗೆ ಜಡೆ, ಆಮೇಲೆ ಬೂದಿಗೆ ಬಾಚಣಿಗೆ. ಬೇರೆ ಬೇರೆ ಬಾಚಣಿಗೆ, ಅಷ್ಟರಮಟ್ಟಿಗೆ ನಾವು ಮರ್ಯಾದಸ್ಥರು. ಮಿಲ್ಲಿನಲ್ಲಿ ಓಡಾಡಿದ ಬೆಕ್ಕಿನ ಮೈತುಂಬ ಹಿಟ್ಟು. ಅಮ್ಮ ಕೂದಲು ಹೋದ ದಿಕ್ಕಿಗೇ ಬಾಚುತ್ತಿದ್ದಳು. ಎದುರು ಬಾಚಿದರೆ ಅದಕ್ಕೆ ಉರಿಯುತ್ತದೆ ಎಂದು ನನ್ನ ಕೈ ಹಿಡಿದು ತೋರಿಸಿಕೊಟ್ಟಿದ್ದಳು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹಳೇ ಪಂಚೆಯ ಚೂರಿನಿಂದ ಕಿವಿ ಒರೆಸುವುದು, ಕಣ್ಣಿನ ಗೀಜು ತೆಗೆಯುವುದು, ಕತ್ತಿನಲ್ಲಿ ಉಣ್ಣೆಹುಳ ಕಚ್ಚಿಕೊಂಡಿದ್ದರೆ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುವುದು, ಇಷ್ಟೂ ಅಮ್ಮ ಮಂಚದ ಮೇಲೆ ಕೂತೇ ಮಾಡುತ್ತಿದ್ದಳು. ಮೂಗು ಕೆಂಪಾಗಿದೆಯೋ ಇಲ್ಲವೋ, ಒಸಡು ಹೇಗಿದೆ ಎಂದು ಬಾಯಿ ಬಿಡಿಸಿ ನೋಡುತ್ತಿದ್ದಳು. ಉಗುರಿನ ಯೋಚನೆ ಮಾತ್ರ ನಮಗೆ ಯಾರಿಗೂ ಬಂದಿರಲಿಲ್ಲ. ಬೆಕ್ಕಿಗೆ ಉಗುರು ತೆಗೆಯಬೇಕು ಎಂದರೆ ಆಗ ನಮ್ಮ ಬೀದಿಯವರು ನಮ್ಮ ತಲೆ ಮುಟ್ಟಿ ನೋಡುತ್ತಿದ್ದರು.

ಆ ಯೋಚನೆ ಬಂದದ್ದು ಅಮ್ಮನ ಹಾಸಿಗೆಯಲ್ಲಿ ರಕ್ತ ಕಂಡ ದಿನ. ಬೂದಿಗೆ ಖುಷಿಯಾದರೆ ಮುಂಗಾಲುಗಳಿಂದ ಹಿಟ್ಟು ನಾದುವ ಹಾಗೆ ನಾದುತ್ತಿತ್ತು. ಅಮ್ಮನ ಬಲಪಾದದ ಮೇಲೆ ಹಾಗೆ ನಾದಿ ನಾದಿ ಚರ್ಮ ಗೀರಿಹೋಗಿದೆ, ಅವಳಿಗೆ ಗೊತ್ತೇ ಆಗಿಲ್ಲ. ನಾನೇ ನೋಡಿದೆ, ನಾನೇ ಕೂಗಿದೆ, ಹಾಳಾದ್ದು ಅದೇ ಹೊತ್ತಿಗೆ ಕರೆಂಟೂ ಹೋಯಿತು. ಕೂಗು ಮಿಲ್ಲಿನವರೆಗೂ ಕೇಳಿಸಿ ಅಪ್ಪ ಹಿಟ್ಟು ಮೆತ್ತಿದ ಮುಖದಲ್ಲೇ ಕೆಮ್ಮುತ್ತಾ ಒಳಗೆ ಬಂದ. ಸಕ್ಕರೆ ಕಾಯಿಲೆಯವರ ಕಾಲಿಗೆ ಗಾಯವಾಗಬಾರದು, ಆಯಿತೆಂದರೆ ವಾಸಿಯಾಗುವುದಿಲ್ಲ, ಕಾಲೇ ಹೋಗಬಹುದು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅಪ್ಪ ಬೆಕ್ಕನ್ನು ಕತ್ತಿನಲ್ಲಿ ಹಿಡಿದು ಎತ್ತಿಕೊಂಡ.

"ಚೀಲಕ್ಕೆ ಹಾಕಿ ಶಿವನಿ ಊರಾಗೆ ಬಿಟ್ಟು ಬತ್ತೀನಿ. ಇವತ್ತೇ."

"ಬ್ಯಾಡಪ್ಪಾ, ಅದಕ್ಕೇನ್ ಗೊತ್ತು ಪಾಪ! ನಾನು ಉಗುರು ತೆಗೀತೀನಿ ಅದಕ್ಕೆ. ಉಗುರಿಲ್ದಿದ್ರೆ ಹೆಂಗ್ ಪರಚ್ತದೆ?"

"ಬೆಕ್ಕಿಗೆ ಉಗುರು ತೆಗೀತಾಳಂತೆ ಇವಳು!"

"ತೆಗೀಲಿ ಬಿಡ್ರೀ, ಒಂದ್ಸಲ ನೋಡಣ," ಎಂದಳು ಅಮ್ಮ.

ಅಪ್ಪ ಬೆಕ್ಕನ್ನು ಕೆಳಗೆ ಬಿಟ್ಟ. ಒಂದೇ ಒಂದು ಮಾತು ಹೇಳಿದ: ಇನ್ನೊಂದು ಸಲ ಆ ಕಾಲಿನಲ್ಲಿ ಗಾಯ ಕಂಡರೆ ಬೂದಿ ಈ ಮನೆಯಲ್ಲಿ ಇರುವುದಿಲ್ಲ. ಹೀಗೆ ಹತ್ತು ವರ್ಷದ ನನ್ನ ಕೈಗೆ ಅಮ್ಮನ ಕಾಲೂ ಬಂತು, ಬೆಕ್ಕೂ ಬಂತು.

ಮಾರನೇ ದಿನ ಬೂದಿಯನ್ನು ಸ್ಕೂಲ್ ಬ್ಯಾಗಿನಲ್ಲಿ ತುಂಬಿಕೊಂಡು ದನದ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ವಯಸ್ಸಾದ ಕಾಂಪೌಂಡರು ಬ್ಯಾಗಿನಿಂದ ತಲೆ ಹೊರಹಾಕಿದ ಬೆಕ್ಕನ್ನು ನೋಡಿ ಜೋರಾಗಿ ನಕ್ಕರು.

"ಎತ್ತಿನ ಕೊಂಬು ಕುಯ್ಸಾಕೆ ಬತ್ತಾರೆ. ಬೆಕ್ಕಿನ ಉಗುರು ತೆಗೆಸಾಕೆ ಬಂದೋಳು ನೀನೇ ಮೊದ್ಲು ಕಣವ್ವ."

ನಾನು ಅಲ್ಲೇ ಅಳುವುದಕ್ಕೆ ಶುರುಮಾಡಿದೆ. ಅವರು ನಗು ನಿಲ್ಲಿಸಿ, ಬೂದಿಯನ್ನು ತೊಡೆಯ ಮೇಲೆ ಬೆನ್ನು ತಮ್ಮ ಕಡೆ ಬರುವಂತೆ ಕೂರಿಸಿಕೊಂಡು ತೋರಿಸಿಕೊಟ್ಟರು.

"ಇಲ್ನೋಡು. ಪಾದದ ಮೇಲೊಂದು ಬೆರಳು, ಕೆಳಗೊಂದು ಬೆರಳು ಇಟ್ಟು ಹಗೂರಕ್ಕೆ ಅಮುಕು. ಉಗುರು ತಾನೇ ಈಚೆ ಬತ್ತದೆ. ಒಳಗೆ ಕೆಂಪು ಎಳೆ ಕಾಣ್ತದಲ್ಲ, ಅದು ಜೀವ ಇರೋ ಜಾಗ. ಅದರ ತಂಟೆಗೆ ಹೋಗ್ಬೇಡ. ತುದೀಲಿ ಬೆಳ್ಳಗೆ ಕೊಕ್ಕೆ ಐತಲ್ಲ, ಅಷ್ಟೇ ತೆಗಿ. ಬ್ಲೇಡು ಮುಟ್ಟಬೇಡ, ಸೀಳಿಹೋಗ್ತದೆ."

ನಮ್ಮ ಮನೆಯಲ್ಲಿ ಎಲ್ಲರೂ ಉಗುರು ತೆಗೆಯುತ್ತಿದ್ದುದು ಬ್ಲೇಡಿನಲ್ಲೇ. ನೇಲ್ ಕಟ್ಟರ್ ಅನ್ನುವುದೊಂದು ಇದ್ದದ್ದು ಅಪ್ಪನ ಮಿಲ್ಲಿನ ಬೀಗದ ಕೈ ಗೊಂಚಲಿನಲ್ಲಿ. ಕೇಳಿದಾಗ ಬಿಚ್ಚಿಕೊಟ್ಟ. ಆಮೇಲೆ ಅಮ್ಮನ ಕಟ್ಟಳೆಗಳು ಬಂದವು. ಮಂಗಳವಾರ ಉಗುರು ತೆಗೆಯಬಾರದು, ಶುಕ್ರವಾರ ತೆಗೆಯಬಾರದು, ದೀಪ ಹಚ್ಚಿದ ಮೇಲೆ ಮುಟ್ಟಲೇಬಾರದು, ಮನೆಯೊಳಗೆ ಒಂದು ಚೂರೂ ಬೀಳಬಾರದು. ಇದು ಮನುಷ್ಯರಿಗಮ್ಮ ಅಂದರೆ, ಮನೆ ಒಂದೇ ಅಲ್ವೇನೇ ಅಂದಳು. ಸರಿ, ಬುಧವಾರ ಮತ್ತು ಭಾನುವಾರ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಹಗಲು ಬೆಳಕಿನಲ್ಲಿ. ಬೂದಿಯನ್ನು ಹಳೇ ಟವೆಲಿನಲ್ಲಿ ಸುತ್ತಿ, ಒಂದೊಂದೇ ಕಾಲು ಈಚೆಗೆ ತೆಗೆದುಕೊಳ್ಳುತ್ತಿದ್ದೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ಮೊದಲ ದಿನ ಮೂರೇ ಮೂರು ಉಗುರಿಗೆ ಅದರ ತಾಳ್ಮೆ ಮುಗಿಯಿತು. ಎರಡು ವಾರದಲ್ಲಿ ಮುಂಗಾಲು ಪೂರ್ತಿ ಬಿಟ್ಟುಕೊಟ್ಟಿತು. ಕತ್ತರಿಸಿದ ಚೂರುಗಳನ್ನು ಎಲೆಯ ಮೇಲೆ ಆರಿಸಿಕೊಂಡು ತಿಪ್ಪೆಗೆ ಹಾಕಿ, ಕೈ ತೊಳೆದು, ಅಮ್ಮನಿಗೆ ತೋರಿಸುತ್ತಿದ್ದೆ. ಅವಳು ಬೂದಿಯ ಪಾದವನ್ನು ತನ್ನ ಕೆನ್ನೆಯ ಮೇಲೆ ಎಳೆದುಕೊಂಡು ಪರೀಕ್ಷೆ ಮಾಡಿ, ಪಾಸು ಅನ್ನುತ್ತಿದ್ದಳು. ಪಾದದ ಮೇಲಿನ ಗೀರು ಮಾಯಿತು. ನನ್ನಷ್ಟು ಬುದ್ಧಿವಂತೆ ಅಜ್ಜಂಪುರದಲ್ಲೇ ಇಲ್ಲ ಎಂದು ನಾನು ತಿಳಿದುಕೊಂಡೆ.

ಶ್ರಾವಣ ಕಳೆದ ಮೇಲೆ ಇರಬೇಕು, ಅಮ್ಮನ ದುಪ್ಪಟಿಯಲ್ಲಿ ಮತ್ತೆ ಕಲೆ ಕಂಡಿತು. ಈ ಸಲ ಕೆಂಪಲ್ಲ, ಹಳದಿ. ಎಲ್ಲಿ ತೋರಿಸು ಅಂದರೆ ಅಮ್ಮ ಬಲಗಾಲಿನ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಬೆರಳ್ ಸಂದೀಲಿ ಒಂಚೂರು ಪರಚ್ದಂಗೈತೆ. ನಿಮ್ಮಪ್ಪಂಗೆ ಹೇಳ್ಬೇಡ. ಪಟ್ಟಿ ನಾನೇ ಕಟ್ಕೊತೀನಿ."

ಪರಚಿದ ಹಾಗಿದೆ ಎಂದರೆ ನನ್ನ ಕೆಲಸದಲ್ಲೇ ತಪ್ಪಾಗಿದೆ ಎಂದರ್ಥ. ನನಗೆ ಬೇರೆ ಏನೂ ಹೊಳೆಯಲಿಲ್ಲ. ಅವತ್ತು ಯಾವ ವಾರ ಎಂದೂ ನೋಡದೆ ಬೂದಿಯನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ ಇನ್ನಷ್ಟು ಮೋಟು ಮಾಡಿದೆ. ಎರಡು ದಿನಕ್ಕೆ ಕಲೆ ದೊಡ್ಡದಾಯಿತು, ನಾನು ಇನ್ನೂ ಮೋಟು ಮಾಡಿದೆ. ಕಾಂಪೌಂಡರು ಹೇಳಿದ್ದ ಕೆಂಪು ಎಳೆ ಕಣ್ಣಿಗೆ ಕಾಣುತ್ತಿತ್ತು, ಕಾಣುತ್ತಿದ್ದರೂ ಕಟ್ಟರನ್ನು ಅಲ್ಲಿಗೇ ಇಟ್ಟೆ. ಬೂದಿ ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕಿತು. ಮಿಲ್ಲಿಗೆ ಓಡಿಹೋಗಿ ಒಂದು ಹಿಡಿ ರಾಗಿಹಿಟ್ಟು ತಂದು ಆ ಉಗುರನ್ನು ಅದರಲ್ಲಿ ಒತ್ತಿ ಹಿಡಿದೆ. ರಕ್ತ ನಿಂತಿತು, ನನ್ನ ಅಳು ನಿಲ್ಲಲಿಲ್ಲ. ತಲೆಯೆತ್ತಿದರೆ ಹಿತ್ತಲ ಬಾಗಿಲಿನಲ್ಲಿ ಅಮ್ಮ, ಗೋಡೆ ಹಿಡಿದುಕೊಂಡು ಅಲ್ಲಿಯವರೆಗೂ ಬಂದು ನಿಂತಿದ್ದಳು.

"ಸಾಕು ಬಿಡೇ. ಅದರ ಉಗುರು ಇನ್ನೆಲ್ಲೈತೆ ತೆಗಿಯಾಕೆ?"

"ಮತ್ಯಾಕಮ್ಮ ನಿಂಗ್ ವಾಸಿ ಆಗ್ತಿಲ್ಲ?"

ಅಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಆ ತಿಂಗಳು ನಾನು ಏನೇನೋ ಮಾಡಿದೆ. ನನ್ನ ಹಳೇ ಕಾಲುಚೀಲ ಕತ್ತರಿಸಿ ಬೂದಿಯ ಮುಂಗಾಲುಗಳಿಗೆ ಹಾಕಿ ದಾರ ಕಟ್ಟಿದೆ, ಅದು ಹಲ್ಲಿನಿಂದ ಕಿತ್ತು ಹಾಕಿತು. ಮಂಚದ ಸುತ್ತ ಗೋಣಿತಾಟು ಕಟ್ಟಿದೆ, ಅದನ್ನು ಹಾರಿಕೊಂಡು ಬಂದು ಅದೇ ಕಾಲಿನ ಮೇಲೆ ಮಲಗಿತು. ಬೆಳಗ್ಗೆ ಅಪ್ಪ ಏಳುವುದರೊಳಗೆ ಎದ್ದು ಅಮ್ಮನ ದುಪ್ಪಟಿಯ ಕಲೆ ತಿಕ್ಕುತ್ತಿದ್ದೆ. ವಾಸನೆ ಬರತೊಡಗಿದಾಗ ಊದುಬತ್ತಿ ಹಚ್ಚಿದೆ. ದೇವರ ಭಕ್ತಿ ಜಾಸ್ತಿಯಾಯಿತಲ್ಲ ಎಂದು ಅಪ್ಪ ತಮಾಷೆ ಮಾಡಿದ. ಶಾಲೆಯಲ್ಲಿ ಕೂತರೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಬೆಕ್ಕು ಇರುತ್ತದೋ ಇಲ್ಲವೋ, ಅಮ್ಮನ ಕಾಲು ಇರುತ್ತದೋ ಇಲ್ಲವೋ, ಇದೇ. ಒಂದು ಉಳಿಸಿದರೆ ಇನ್ನೊಂದು ಹೋಗುತ್ತದೆ ಎಂದು ಗೊತ್ತಾಗಿತ್ತು. ಗೊತ್ತಿದ್ದೂ ಬೆಕ್ಕನ್ನು ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ನನ್ನ ಕೆಟ್ಟತನಕ್ಕೇ ಅಮ್ಮನ ಕಾಲು ಕೊಳೆಯುತ್ತಿದೆ ಎಂದು ನಾನು ನಂಬಿದ್ದೆ. ಹತ್ತು ವರ್ಷದ ಹುಡುಗಿಗೆ ಅಂಥ ನಂಬಿಕೆ ಬರಬಾರದು.

ಅಪ್ಪನಿಗೆ ತಿಳಿದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ. ಊದುಬತ್ತಿ ಮುಗಿದಿತ್ತು. ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿ, ಎದ್ದುಬಂದು ಅಮ್ಮನ ಕಾಲಿನ ಬಟ್ಟೆಗೆ ಕೈ ಹಾಕಿದ. ಅಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ನೀವ್ ಮುಟ್ಬೇಡಿ! ಗಂಡಸ್ರು ಹೆಂಡ್ತಿ ಕಾಲ್ ಮುಟ್ಟಿದ್ರೆ ನಂಗೇ ಪಾಪ."

"ಏನಾಗೈತೆ ಅದಕ್ಕೆ?"

"ಬೆಕ್ಕು ಪರಚ್ತು ಕಣ್ರೀ."

ಅಪ್ಪ ಕೈ ತೊಳೆಯಲಿಲ್ಲ. ಮಿಲ್ಲಿನಿಂದ ಖಾಲಿ ಗೋಣಿಚೀಲ ತಂದ. ಬೂದಿ ಅಮ್ಮನ ಪಾದದ ಬಳಿಯೇ ಇತ್ತು, ಓಡಲಿಲ್ಲ. ಚೀಲದೊಳಗಿಂದ ಗೋಣಿಯನ್ನು ಕೆರೆಯಲು ನೋಡಿತು, ಕೆರೆಯುವುದಕ್ಕೆ ಅದಕ್ಕೆ ನಾನು ಏನೂ ಉಳಿಸಿರಲಿಲ್ಲ. ನಾನು ಅಪ್ಪನ ಕಾಲು ಕಟ್ಟಿಕೊಂಡೆ. ಅಮ್ಮಾ, ನೀನಾದ್ರೂ ಹೇಳಮ್ಮಾ ಎಂದು ಕೂಗಿಕೊಂಡೆ. ಉಗುರು ತೆಗೆಯುತ್ತೇನೆ ಎಂದು ನಾನು ಹೇಳಿದಾಗ ನನ್ನ ಪರ ಮಾತಾಡಿದ್ದ ಅಮ್ಮ, ಈಗ ಕಣ್ಣು ಮುಚ್ಚಿಕೊಂಡಳು.

"ಹೋಗ್ಲಿ ಬಿಡೇ."

ಮಿಲ್ಲಿಗೆ ಬೀಗ ಹಾಕಿ ಅಪ್ಪ ಶಿವನಿ ಬಸ್ಸು ಹತ್ತಿದ. ಸ್ಟೇಷನ್ನಿನ ಹತ್ತಿರ ಬಿಟ್ಟು ಬಂದೆ, ಅಲ್ಲಿ ಗೋದಾಮು ಇವೆ, ಇಲಿ ಸಿಗುತ್ತವೆ ಎಂದು ಸಂಜೆ ಬಂದು ಹೇಳಿದ. ನಾನು ಎರಡು ದಿನ ಊಟ ಮಾಡಲಿಲ್ಲ.

ಬೆಕ್ಕು ಹೋದರೂ ಗಾಯ ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಮ್ಮನಿಗೆ ಚಳಿಜ್ವರ ಬಂತು, ಪಾದ ಕುಂಬಳಕಾಯಿಯಂತೆ ಊದಿತು. ಮಿಲ್ಲಿಗೆ ರಾಗಿ ತಂದಿದ್ದವರ ಗೂಡ್ಸ್ ಆಟೋದಲ್ಲೇ ತರೀಕೆರೆಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಬಿಚ್ಚಿದರು. ಅಷ್ಟು ದಿನದಲ್ಲಿ ನಾನು ಆ ಬೆರಳನ್ನು ನೋಡಿದ್ದು ಅದೇ ಮೊದಲು. ಕಾಲುಂಗುರ ಮಾಂಸದೊಳಕ್ಕೆ ಇಳಿದುಹೋಗಿತ್ತು. ಊದಿದ ಬೆರಳನ್ನು ಬೆಳ್ಳಿಯ ಸುತ್ತು ಕೊಯ್ದು ಕೊಯ್ದು, ಅದರ ಮೇಲೆ ಕೀವು ಕಟ್ಟಿ, ಅಕ್ಕಪಕ್ಕದ ಬೆರಳೂ ಕಪ್ಪಾಗಿತ್ತು. ನರ್ಸಮ್ಮ ಸಣ್ಣ ಕಟ್ಟರಿನಿಂದ ಉಂಗುರ ತುಂಡರಿಸಿ ತಟ್ಟೆಗೆ ಹಾಕಿದರು.

"ಬೆಕ್ಕು ಪರಚಿದ್ದು ಅಂತ ಯಾರಮ್ಮ ಹೇಳಿದ್ದು? ಇದು ಉಂಗುರ ಕೊಯ್ದಿರೋದು. ಎರಡು ತಿಂಗಳಾದ್ರೂ ಆಗಿದೆ."

ಅಪ್ಪ ಔಷಧಿ ತರಲು ಹೋಗಿದ್ದ. ನರ್ಸಮ್ಮ ಆಚೆ ಹೋದ ಮೇಲೆ ನಾನು ಅಮ್ಮನ ಮುಖ ನೋಡಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ.

"ನಿಂಗ್ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು ಕಣೇ."

"ಮತ್ಯಾಕ್ ತೆಗೀಲಿಲ್ಲ?"

"ಅದು ತೆಗಿಯೋದು ಯಾವಾಗ ಅಂತ ನಿಂಗ್ ಗೊತ್ತಿಲ್ವಾ? ನಿಮ್ಮಪ್ಪನ ಕೆಮ್ಮು ನೋಡಿದ್ಯಲ್ಲ. ಹಿಟ್ಟೆಲ್ಲ ಎದೇಲಿ ಕೂತೈತೆ. ಅವರು ಇರ್ಬೇಕಲ್ವೇನೇ."

"ಬೂದಿ?"

ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಗಂಡ ಸತ್ತಾಗ ಮಾತ್ರ ಕಾಲುಂಗುರ ತೆಗೆಯುತ್ತಾರೆ, ಆ ವಯಸ್ಸಿಗೆ ಅಷ್ಟು ನನಗೂ ಗೊತ್ತಿತ್ತು. ಗಂಡನ ಉಸಿರು ತನ್ನ ಬೆರಳಿನಲ್ಲಿದೆ ಎಂದು ನಂಬಿದ್ದವಳಿಗೆ ಬೆರಳು ಕೊಳೆತರೆ ಏನು? ಅದು ಅವಳ ಬೆರಳು, ಇರಲಿ. ಆದರೆ ಹಿತ್ತಲ ಬಾಗಿಲಿನಲ್ಲಿ ನಿಂತು, ನಾನು ಆ ಬೆಕ್ಕಿನ ಜೀವ ಇರುವ ಜಾಗವನ್ನು ಕತ್ತರಿಸಿದ್ದನ್ನು ಅವಳು ನೋಡಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಉಂಗುರ ತೆಗೆಸುತ್ತಾರೆ, ಅದಕ್ಕೇ ಹೇಳಲಿಲ್ಲ. ಅಮ್ಮನ ಮೇಲೆ ನನಗಿರುವ ಪ್ರೀತಿಗೆ ಅಳತೆಯಿಲ್ಲ, ಇದೊಂದು ವಿಷಯಕ್ಕೆ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ. ಈಗ ಕಡೂರಿನ ನನ್ನ ಮನೆಗೆ ಅಕ್ಕಪಕ್ಕದವರು ಬೆಕ್ಕುಗಳನ್ನು ತಂದು ಉಗುರು ತೆಗೆದುಕೊಡಿ ಅನ್ನುತ್ತಾರೆ. ಗಾಯ ಎಲ್ಲಿ, ಯಾವುದರಿಂದ ಆಯಿತು ಎಂದು ನಾನು ಪೊಲೀಸರ ಹಾಗೆ ವಿಚಾರಿಸುತ್ತೇನಂತೆ. ಹಾಗೆಂದು ಅವರು ನಗುತ್ತಾರೆ.

ಅಪ್ಪನಿಗೆ ನಾನೇ ಹೇಳಿದೆ. ಆಸ್ಪತ್ರೆಯ ಜಗಲಿಯಲ್ಲಿ ಔಷಧಿಯ ಕವರು ಹಿಡಿದು ನಿಂತಿದ್ದವನಿಗೆ, ಅಮ್ಮನಿಗೆ ಮೊದಲೇ ಗೊತ್ತಿತ್ತಂತೆ, ನೀನು ಇರಬೇಕು ಅಂತ ಹೇಳಲಿಲ್ಲವಂತೆ ಎಂದೆ. ಚುಚ್ಚಲೆಂದೇ ಹೇಳಿದೆ. ಅಪ್ಪ ಕವರನ್ನು ಬೆಂಚಿನ ಮೇಲಿಟ್ಟ. ಒಳಗೆ ಹೋಗಿ, ಅಮ್ಮ ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ ಅವಳ ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದುಕೊಂಡು ಕೂತ. ಬಲಗಾಲಿನ ಎರಡು ಬೆರಳು ತೆಗೆದರು. ಕಾಲು ಉಳಿಯಿತು.

ಮನೆಗೆ ಬಂದ ಮೇಲೆ ಅಮ್ಮ ಹಗಲೆಲ್ಲ ಸುಮ್ಮನೆ ಕೂತಿರುತ್ತಿದ್ದಳು. ಬಾಚಣಿಗೆ ಕೈಗೆ ಸಿಕ್ಕರೆ ಹಾಗೇ ಹಿಡಿದುಕೊಂಡಿರುತ್ತಿದ್ದಳು, ಬೂದಿಯ ಹೆಸರು ಎತ್ತುತ್ತಿರಲಿಲ್ಲ. ಮೊದಲ ಭಾನುವಾರ ಅಪ್ಪ ಗೋಣಿಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಎಲ್ಲಿಗೆಂದು ಹೇಳದೆ ಶಿವನಿ ಬಸ್ಸಿಗೆ ಹೋದ, ಸಂಜೆ ಖಾಲಿ ಚೀಲ ತಂದ. ಎರಡನೇ ಭಾನುವಾರವೂ ಖಾಲಿ. ಮೂರನೇ ಭಾನುವಾರ ಹೊತ್ತು ಮುಳುಗುವ ಮುಂಚೆ ಬಂದವನ ಕೈಯಲ್ಲಿ ಚೀಲ ಒದ್ದಾಡುತ್ತಿತ್ತು. ನಡುಮನೆಯಲ್ಲಿ ಬಾಯಿ ಬಿಚ್ಚಿದ. ಬೂದಿ ಬಣ್ಣದ ಬೆಕ್ಕೊಂದು ಈಚೆ ಹಾರಿ, ಬಾಲ ಎತ್ತಿಕೊಂಡು ಮಂಚದ ಕೆಳಗೆ ನುಗ್ಗಿತು. ನನಗೆ ಗೊತ್ತಾಗುವುದಕ್ಕೆ ಅಷ್ಟು ಸಾಕಾಯಿತು. ನಮ್ಮದು ಹೆಣ್ಣು, ಇದು ಗಂಡು.

"ಅದೇ ತಾನೇ?" ಅಪ್ಪನಿಗೆ ಕೆಮ್ಮಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. "ಗೋದಾಮಿನ ಹಿಂದೆ ಕೂತಿತ್ತು. ಹಿಡಿಯಾಕೆ ಮಧ್ಯಾಹ್ನೆಲ್ಲ ಹಿಡೀತು."

"ಅದೇ ಕಣ್ರೀ. ಸೊರಗಿಹೋಗೈತೆ ಪಾಪ," ಎಂದಳು ಅಮ್ಮ.

ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಅಲ್ಲ ಎಂದು ಹೇಳುವುದಕ್ಕೆ ಬೇಕಾದಷ್ಟು ಸಿಟ್ಟು ನನ್ನಲ್ಲಿತ್ತು. ಅಪ್ಪನ ಎರಡು ಕೈಯೂ ಗೀರಿಹೋಗಿದ್ದವು.

"ಹೂಂ ಅಪ್ಪ. ನಮ್ ಬೂದಿನೇ."

ಹೇಳಿದ ಮೇಲೆ ಹಿಡಿಯಬೇಕಲ್ಲ. ಮಂಚದ ಕೆಳಗೆ ತೂರಿ ಅದನ್ನು ತೊಡೆಗೆ ಎಳೆದುಕೊಂಡೆ. ಯಾರೂ ಮುಟ್ಟಿ ಅಭ್ಯಾಸವಿಲ್ಲದ ಬೀದಿಯ ಬೆಕ್ಕು, ಒಂದೊಂದು ಉಗುರೂ ಮುಳ್ಳಿನ ಹಾಗೆ. ಉಗುರು ನೋಡಲೆಂದು ಪಾದ ಅಮುಕುತ್ತಿದ್ದಂತೆ ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆದುಬಿಟ್ಟಿತು.

"ಪರಚ್ತೇನೇ?" ಅಪ್ಪ ಬಾಗಿ ಕೇಳಿದ.

ಕೈಯನ್ನು ಲಂಗದ ನೆರಿಗೆಯೊಳಗೆ ಇಟ್ಟುಕೊಂಡೆ.

"ಇಲ್ಲಪ್ಪ," ಎಂದೆ. "ಏನೂ ಆಗಿಲ್ಲ."